ಚಿತ್ರ ಬರುತ್ತಿಲ್ಲವೇ? ಮೊದಲು ಆಕಾಶ ನೋಡಿ

ಮನೆಯ ಟಿ.ವಿ.ಯಲ್ಲಿ ಚಿತ್ರ ನಿಂತುಹೋದಾಗ ನೀವು ಮೊದಲು ಏನು ಮಾಡುತ್ತೀರಿ? ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತೀರಿ. ಆಮೇಲೆ ರಿಮೋಟನ್ನೇ ಅಂಗೈಗೆ ಎರಡು ಸಲ ಬಡಿಯುತ್ತೀರಿ. ಅದೂ ಆಗದಿದ್ದರೆ ಮನೆಯ ಹುಡುಗನೊಬ್ಬ ತಾರಸಿಗೆ ಓಡುತ್ತಾನೆ, ಇನ್ನೊಬ್ಬ ಕಿಟಕಿಯಲ್ಲಿ ನಿಂತು “ಬಂತು, ಬಂತು... ಹೋಯ್ತು!” ಎಂದು ಕೂಗುತ್ತಾನೆ. ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಇದ್ದ ಕಾಲದಿಂದ ನಮಗೆ ಅಂಟಿಕೊಂಡು ಬಂದ ಅಭ್ಯಾಸವಿದು. ಆ ಆಂಟೆನಾವನ್ನು ಸ್ವಲ್ಪ ತಿರುಗಿಸಿದರೆ ಮಂಜುಮಂಜಾಗಿಯಾದರೂ ಏನೋ ಒಂದು ಕಾಣುತ್ತಿತ್ತು. ಈಗಿನ ಡಿಶ್‌ನಲ್ಲಿ ಮಂಜು ಎಂಬುದೇ ಇಲ್ಲ. ಒಂದೋ ಚಿತ್ರ ಸ್ವಚ್ಛವಾಗಿ ಬರುತ್ತದೆ, ಇಲ್ಲವೇ ಚೌಕ ಚೌಕವಾಗಿ ಒಡೆದು ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ಹಳೆಯ ಅಭ್ಯಾಸದಂತೆ ತಟ್ಟೆಯನ್ನು ಕಂಡಕಂಡಂತೆ ತಿರುಗಿಸಲು ಹೋದರೆ, ಇದ್ದ ಸ್ವಲ್ಪ ಸಿಗ್ನಲನ್ನೂ ಕಳೆದುಕೊಳ್ಳುತ್ತೇವೆ.

ನಾನು ಶಾಲೆಯಲ್ಲಿ ಪಾಠ ಹೇಳುವುದು ಸಮಾಜ ವಿಜ್ಞಾನ. ವಿದ್ಯುತ್ ಕೆಲಸ ನನ್ನ ಕಸುಬಲ್ಲ. ಹಾಗಿದ್ದೂ ಈ ವಿಷಯ ಬರೆಯಲು ಕೂತದ್ದಕ್ಕೆ ಕಾರಣ 2020ರ ಮಳೆಗಾಲದಲ್ಲಿ ನಮ್ಮ ಕುಮಾರ ಪಾರ್ಕಿನ ಬೀದಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ.

ಆ ವರ್ಷ ಶಾಲೆಗಳೆಲ್ಲ ಮುಚ್ಚಿದ್ದವು. ಜುಲೈ ತಿಂಗಳಲ್ಲಿ ಹೈಸ್ಕೂಲು ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಆರಂಭವಾದವು. ಮೊಬೈಲ್, ಲ್ಯಾಪ್‌ಟಾಪ್ ಇದ್ದ ಮನೆಗಳಿಗೆ ಅದು ಅಷ್ಟು ದೊಡ್ಡ ಸುದ್ದಿಯಲ್ಲ. ಆದರೆ ನಮ್ಮೆದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಮನೆಗೆ ಅದೇ ಶಾಲೆ. ರಾಯಚೂರು ಕಡೆಯಿಂದ ಬಂದ ಕುಟುಂಬ. ಗಂಡ ಹೆಂಡತಿ, ಒಬ್ಬ ವೃದ್ಧ ತಂದೆ, ಎಸ್ಸೆಸ್ಸೆಲ್ಸಿಗೆ ಬಂದಿದ್ದ ಒಬ್ಬ ಮಗಳು. ಕಾಂಪೌಂಡಿನ ಹಿಂಬದಿಯಲ್ಲಿ, ಸಂಪಿನ ಪಕ್ಕ, ಶೀಟು ಹೊದಿಸಿದ ಒಂದು ಕೋಣೆ. ಅದರ ಮೇಲೊಂದು ಪುಟ್ಟ ಡಿಶ್. ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಫ್ರೀ ಡಿಶ್ ಅದು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ. ಒಮ್ಮೆ ತಟ್ಟೆ ಮತ್ತು ಬಾಕ್ಸ್ ಕೊಂಡರೆ ಮುಗಿಯಿತು, ಆಮೇಲೆ ಯಾರಿಗೂ ಹಣ ಕಟ್ಟಬೇಕಾಗಿಲ್ಲ.

ಪಾಠ ಆರಂಭವಾಗಿ ಒಂದು ವಾರವೂ ಆಗಿರಲಿಲ್ಲ, ಹುಡುಗಿ ನಮ್ಮ ಗೇಟಿನ ಬಳಿ ಬಂದು ನಿಂತಳು. ಮುಖಕ್ಕೆ ದುಪಟ್ಟಾದ ತುದಿಯನ್ನೇ ಮಾಸ್ಕಿನಂತೆ ಸುತ್ತಿಕೊಂಡಿದ್ದಳು. “ಸರ್, ಟಿವಿಯಲ್ಲಿ ಏನೂ ಬರ್ತಿಲ್ಲ. ಮೊನ್ನೆ ಗಣಿತ ಹೋಯ್ತು, ಇವತ್ತು ವಿಜ್ಞಾನ ಹೋಯ್ತು” ಎಂದಳು. ಡಿಶ್ ರಿಪೇರಿಯ ಹುಡುಗನನ್ನು ಅವಳ ತಂದೆ ಆಗಲೇ ಕರೆಸಿದ್ದರಂತೆ. ಅವನು ತಟ್ಟೆಯನ್ನು ಅತ್ತಿತ್ತ ತಿರುಗಿಸಿ ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡು ಹೋಗಿದ್ದ. ಎರಡು ದಿನ ಬಂದ ಚಿತ್ರ ಮತ್ತೆ ಹೋಯಿತು. ಫೋನ್ ಮಾಡಿದರೆ “ಎಲ್‌ಎನ್‌ಬಿ ಸತ್ತಿದೆ, ಇನ್ನೂ ನಾನೂರು ಆಗುತ್ತೆ” ಎಂದನಂತೆ. ತಟ್ಟೆಯ ಮುಂದೆ ಚಾಚಿದ ತೋಳಿನ ತುದಿಯಲ್ಲಿ ಮೊಗ್ಗಿನ ಹಾಗೆ ಕೂತಿರುತ್ತದಲ್ಲ, ಅದೇ ಎಲ್‌ಎನ್‌ಬಿ. ಆ ತಿಂಗಳು ಅಪಾರ್ಟ್‌ಮೆಂಟಿನವರು ಸಂಬಳದಲ್ಲಿ ಅರ್ಧವನ್ನಷ್ಟೇ ಕೊಟ್ಟಿದ್ದರು. ಆ ಮನೆಗೆ ನಾನೂರು ಎಂದರೆ ಎಷ್ಟು ಎಂದು ನಾನು ಹೇಳಬೇಕಾಗಿಲ್ಲ.

ನಾನು ಹೋಗಿ ನೋಡಿದೆ. ನಿಮ್ಮ ಮನೆಯಲ್ಲಿ ಹೀಗಾದಾಗ ನೀವು ಮೊದಲು ನೋಡಬೇಕಾದದ್ದು ತಾರಸಿಯನ್ನಲ್ಲ, ಬಾಕ್ಸಿನ ಮೆನುವನ್ನು. ಅದರಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು ಸಿಗ್ನಲ್ ಸ್ಟ್ರೆಂತ್, ಇನ್ನೊಂದು ಸಿಗ್ನಲ್ ಕ್ವಾಲಿಟಿ. ಮೊದಲನೆಯದು ತಂತಿಯ ಮೂಲಕ ಎಷ್ಟು ಬಲ ಬರುತ್ತಿದೆ ಎಂದು ಹೇಳುತ್ತದೆ, ಎರಡನೆಯದು ಬಂದದ್ದರಲ್ಲಿ ಕೆಲಸಕ್ಕೆ ಬರುವಂಥದ್ದು ಎಷ್ಟು ಎಂದು. ಎರಡೂ ಸೊನ್ನೆಯಾಗಿದ್ದರೆ ದೋಷ ಸಾಮಾನ್ಯವಾಗಿ ತಂತಿಯಲ್ಲಿ, ಕನೆಕ್ಟರಿನಲ್ಲಿ ಅಥವಾ ಎಲ್‌ಎನ್‌ಬಿಯಲ್ಲಿ ಇರುತ್ತದೆ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಮಾತ್ರ ಇಲ್ಲದಿದ್ದರೆ ತಂತಿ, ಎಲ್‌ಎನ್‌ಬಿ ಎರಡೂ ಜೀವಂತವಾಗಿವೆ, ತಟ್ಟೆ ಮಾತ್ರ ಬೇರೆಲ್ಲೋ ನೋಡುತ್ತಿದೆ ಅಥವಾ ಅದರ ಕಣ್ಣಿಗೆ ಏನೋ ಅಡ್ಡ ಬಂದಿದೆ ಎಂದು ಅರ್ಥ. ಇನ್ನು ಕೆಲವು ಚಾನೆಲ್ ಬಂದು ಕೆಲವು ಬಾರದಿದ್ದರೆ ಅದಕ್ಕೆ ಬೇರೆ ಕಾರಣವಿದೆ. ಬಾಕ್ಸ್ ಅದೇ ತಂತಿಯ ಮೂಲಕ ಎಲ್‌ಎನ್‌ಬಿಗೆ ಒಮ್ಮೆ 13 ವೋಲ್ಟ್, ಒಮ್ಮೆ 18 ವೋಲ್ಟ್ ಕಳಿಸುತ್ತದೆ. ಒಂದರಲ್ಲಿ ಲಂಬ ಅಲೆಗಳ ಚಾನೆಲ್‌ಗಳು, ಇನ್ನೊಂದರಲ್ಲಿ ಅಡ್ಡ ಅಲೆಗಳವು. ತಂತಿ ಹಳತಾಗಿ 18 ವೋಲ್ಟ್ ಪೂರ್ತಿ ಮೇಲೆ ತಲುಪದಿದ್ದರೆ ಒಂದು ಗುಂಪಿನ ಚಾನೆಲ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ.

ವಾಚ್‌ಮನ್ ಮನೆಯ ಬಾಕ್ಸಿನಲ್ಲಿ ಎರಡೂ ಸೊನ್ನೆ. ಅಂದರೆ ತಟ್ಟೆಯನ್ನು ತಿರುಗಿಸುವುದರಲ್ಲಿ ಅರ್ಥವೇ ಇರಲಿಲ್ಲ. ಬಾಕ್ಸಿನ ಪ್ಲಗ್ ಕಿತ್ತು (ಇದನ್ನು ಎಂದೂ ಮರೆಯಬೇಡಿ) ಏಣಿ ಹತ್ತಿ ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿದೆ. ಒಳಗಿನಿಂದ ಎರಡು ಹನಿ ನೀರು ಬಿತ್ತು. ನಡುವಿನ ತಾಮ್ರದ ತಂತಿ ಹಸಿರಾಗಿತ್ತು. ಕನೆಕ್ಟರಿಗೆ ಮುಚ್ಚಳದ ರಬ್ಬರಾಗಲಿ ಟೇಪಾಗಲಿ ಇರಲಿಲ್ಲ. ತಂತಿ ನೇರವಾಗಿ ಮೇಲಿನಿಂದ ಇಳಿದು ಬರುತ್ತಿದ್ದುದರಿಂದ ಮಳೆಯ ನೀರು ಅದರ ಗುಂಟ ಜಾರಿ ಸೀದಾ ಒಳಗೆ ಸೇರುತ್ತಿತ್ತು. ಅರ್ಧ ಅಡಿಯಷ್ಟು ತಂತಿಯನ್ನು ಕತ್ತರಿಸಿ ತೆಗೆದು, ಹೊಸ ತುದಿಯನ್ನು ಕೆರೆದು, ಮೂಲೆಯಂಗಡಿಯಿಂದ ತಂದ ಹೊಸ ಕನೆಕ್ಟರ್ ಹಾಕಿದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಸಾಕು, ಎಲ್ಲ ಕೆಟ್ಟಿತು. ಹುಡುಗಿಯ ಕಣ್ಣು ನನ್ನದಕ್ಕಿಂತ ಚುರುಕು, ಅಂಥ ಎಳೆಯೊಂದನ್ನು ಅವಳೇ ಕಂಡು ತೆಗೆದಳು. ಆಮೇಲೆ ತಂತಿಯನ್ನು ಕನೆಕ್ಟರಿಗಿಂತ ಕೆಳಗೆ ಒಂದು ಸುತ್ತು ಜೋತುಬಿಟ್ಟು ಕಟ್ಟಿದೆವು. ನೀರು ಆ ಸುತ್ತಿನ ತಳದಿಂದ ತೊಟ್ಟಿಕ್ಕುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ಒಟ್ಟು ಖರ್ಚು ಮೂವತ್ತು ರೂಪಾಯಿಯೊಳಗೆ. ಎಲ್‌ಎನ್‌ಬಿ ಸತ್ತಿರಲಿಲ್ಲ.

ಪ್ಲಗ್ ಹಾಕಿದಾಗ ಸ್ಟ್ರೆಂತ್ ಎಂಬತ್ತರ ಹತ್ತಿರ ಬಂತು. ಎಲ್ಲರೂ ಸಂತೋಷಪಟ್ಟರು. ಆದರೆ ಕ್ವಾಲಿಟಿ ಹತ್ತಕ್ಕೆ ಏರುವುದು, ಸೊನ್ನೆಗೆ ಬೀಳುವುದು. ಚಿತ್ರ ಬರಲಿಲ್ಲ. ರೋಗಿಗೆ ಎರಡು ಕಾಯಿಲೆ ಒಟ್ಟಿಗೆ ಬಂದರೆ ವೈದ್ಯರು ಎಡವುವುದು ಹೀಗೆಯೇ. ಒಂದನ್ನು ವಾಸಿ ಮಾಡಿದರೂ ಜ್ವರ ಇಳಿಯದಿದ್ದಾಗ ಮೊದಲಿನ ಔಷಧಿಯೇ ತಪ್ಪೆಂದುಕೊಳ್ಳುತ್ತೇವೆ.

ಈಗ ತಟ್ಟೆ ನೋಡುವುದು ಎತ್ತ ಎಂಬ ಪ್ರಶ್ನೆ ಬಂತು. ಟಿ.ವಿ. ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗದಲ್ಲೇ ಸುತ್ತುತ್ತಿರುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ ತೋರುತ್ತವೆ. ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15. 2015ರ ನವೆಂಬರಿನಲ್ಲಿ ಹಾರಿಸಿದ್ದು. ಅದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಅದನ್ನು ಅಲ್ಲಿ ಅಲುಗದಂತೆ ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ನಿಯಂತ್ರಣ ಕೇಂದ್ರ. ಒಂದು ತಮಾಷೆ ನೋಡಿ. ಕುಮಾರ ಪಾರ್ಕಿನಿಂದ ಜೆ.ಸಿ. ನಗರದ ದೂರದರ್ಶನ ಕೇಂದ್ರ ಆಟೋದಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಆದರೆ ಅಲ್ಲಿನ ಚಂದನ ವಾಹಿನಿ ದೆಹಲಿಯ ತೋಡಾಪುರಕ್ಕೆ ಹೋಗಿ, ಇತರ ವಾಹಿನಿಗಳ ಜೊತೆ ಸೇರಿ, 36,000 ಕಿಲೋಮೀಟರ್ ಮೇಲೇರಿ, ಮತ್ತೆ ಅಷ್ಟೇ ಕೆಳಗಿಳಿದು ವಾಚ್‌ಮನ್ ಕೋಣೆಯ ಶೀಟಿನ ಮೇಲಿನ ತಟ್ಟೆಗೆ ಬರಬೇಕು.

ಬೆಂಗಳೂರಿನಿಂದ ನೋಡಿದರೆ ಆ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ 128 ಡಿಗ್ರಿ. ಈ ದಿಕ್ಕನ್ನು ಗುರುತಿಸಲು ಮೊಬೈಲಿನ ದಿಕ್ಸೂಚಿ ತೆಗೆಯುವವರೇ ಹೆಚ್ಚು. ಕಬ್ಬಿಣದ ಗೇಟು, ಶೀಟು, ಕಂಬಿಗಳ ನಡುವೆ ಆ ದಿಕ್ಸೂಚಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು. ನನ್ನ ಬಳಿ ಅದಕ್ಕಿಂತ ನಂಬಬಹುದಾದ ಒಂದು ದಿಕ್ಕಿತ್ತು. ನಮ್ಮ ಓದುಗರ ಪೈಕಿ ಬಹುತೇಕ ಎಲ್ಲರ ಮನೆಯಲ್ಲೂ ಅದಿದೆ. ದಿನಕ್ಕೆ ಐದು ಸಲ ನಾವು ನಿಲ್ಲುವ ದಿಕ್ಕು. ಬೆಂಗಳೂರಿನಲ್ಲಿ ಕಿಬ್ಲಾ ಎಂದರೆ ಪಶ್ಚಿಮ ಎಂದು ಬಾಯಿಮಾತಿಗೆ ಹೇಳುತ್ತೇವೆ. ಸರಿಯಾಗಿ ಲೆಕ್ಕ ಹಾಕಿದರೆ ಅದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿದೆ. ಆ ದಿಕ್ಕಿಗೆ ಸರಿಯಾಗಿ ಬೆನ್ನು ಮಾಡಿ ನಿಂತರೆ ನೀವು ಪೂರ್ವದಿಂದ ದಕ್ಷಿಣಕ್ಕೆ 18 ಡಿಗ್ರಿ ವಾಲಿ ನಿಂತಿರುತ್ತೀರಿ. ಅಲ್ಲಿಂದ ಬಲಕ್ಕೆ 20 ಡಿಗ್ರಿ ಸರಿದರೆ ಜಿಸ್ಯಾಟ್-15. ತೋಳನ್ನು ನೇರವಾಗಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಹೆಚ್ಚು ಕಡಿಮೆ 10 ಡಿಗ್ರಿ. ಅಂದರೆ ಬಲಕ್ಕೆ ಎರಡು ಮುಷ್ಟಿ. ಬೇರೆ ಕಂಪೆನಿಯ ಡಿಶ್ ಇರುವವರಿಗೂ ಇದೇ ಲೆಕ್ಕ ಆಗುತ್ತದೆ. 108.2 ಡಿಗ್ರಿಯ ಉಪಗ್ರಹ ಬಳಸುವ ಏರ್‌ಟೆಲ್‌ನ ತಟ್ಟೆ ಹೆಚ್ಚು ಕಡಿಮೆ ಕಿಬ್ಲಾಕ್ಕೆ ನೇರ ಬೆನ್ನು ಮಾಡಿರುತ್ತದೆ. 95 ಡಿಗ್ರಿಯ ಡಿಶ್ ಟಿವಿ ಎರಡು ಮುಷ್ಟಿಗಿಂತ ಸ್ವಲ್ಪ ಕಡಿಮೆ, 83 ಡಿಗ್ರಿಯ ಟಾಟಾ ಪ್ಲೇ ಸುಮಾರು ಐದು ಮುಷ್ಟಿ. ಹಿಂದೆ ಟಾಟಾ ಸ್ಕೈ ಎನ್ನುತ್ತಿದ್ದೆವಲ್ಲ, 2022ರಲ್ಲಿ ಅದರ ಹೆಸರು ಬದಲಾಯಿತು. ಒಂದೇ ತಾರಸಿಯ ತಟ್ಟೆಗಳು ಒಂದೊಂದು ಕಡೆ ಮುಖ ಮಾಡಿರುವುದು ಇದಕ್ಕೇ. ಪಕ್ಕದ ಮನೆಯದನ್ನು ನೋಡಿ ನಿಮ್ಮದನ್ನು ತಿರುಗಿಸಬೇಡಿ.

ನಮ್ಮ ಮನೆಯ ಜಾನಿಮಾಝ್ ಹಾಸುವ ಜಾಗದಿಂದ ದಿಕ್ಕು ಹಿಡಿದು, ಬೀದಿ ದಾಟಿ ನೋಡಿದರೆ ವಾಚ್‌ಮನ್ ಕೋಣೆಯ ತಟ್ಟೆ ಸರಿಯಾದ ದಿಕ್ಕಿಗೇ ಇತ್ತು. ಹಾಗಾದರೆ ಅಡ್ಡಿ ಏನು?

ಆ ದಿಕ್ಕಿನಲ್ಲಿ ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡ ಏಳುತ್ತಿತ್ತು. 1927ರಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ಬಂದು ತಂಗಿದ್ದ ಕಾಲದ ಕುಮಾರ ಪಾರ್ಕ್ ಈಗ ಎಲ್ಲಿದೆ? ಹಂಚಿನ ಮನೆ, ಮುಂದೊಂದು ಮಾವಿನ ಮರ, ಹಿಂದೊಂದು ಬಾವಿ ಇದ್ದ ಬಂಗಲೆಗಳು ಒಂದೊಂದಾಗಿ ಹೋಗುತ್ತಿವೆ. ಪಕ್ಕದ ಬಂಗಲೆಯೂ ಹಿಂದಿನ ವರ್ಷ ಹೋಗಿತ್ತು. ಲಾಕ್‌ಡೌನ್ ಸಡಿಲವಾದ ಮೇಲೆ ಕೆಲಸ ಮತ್ತೆ ಶುರುವಾಗಿ ಜುಲೈಗೆ ನಾಲ್ಕನೆಯ ಚಾವಣಿ ಬಿದ್ದಿತ್ತು. ಅದರ ಮೇಲೆ ಸರ್ವೆ ಕಂಬಗಳು, ಹಸಿರು ಬಲೆ. ಆದರೆ ತಟ್ಟೆಯನ್ನು ನೋಡಿದರೆ ಅದು ಎರಡನೆಯ ಮಹಡಿಯ ಗೋಡೆಯನ್ನು ದಿಟ್ಟಿಸುತ್ತಿರುವಂತೆ ಕಾಣುತ್ತಿತ್ತು. “ಎರಡನೇ ಮಹಡಿ ಕಟ್ಟಿದಾಗಲೂ ಟಿವಿ ಬರ್ತಿತ್ತಲ್ಲ ಸರ್?” ಎಂದು ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ.

ಇಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಮನೆಗಳಲ್ಲಿ ಬಳಸುವ ಈ ಪುಟ್ಟ ತಟ್ಟೆ ಕನ್ನಡಿಯ ಹಾಗೆ ಎದುರಿನಿಂದ ಬಂದದ್ದನ್ನು ಹಿಡಿಯುವುದಿಲ್ಲ. ಮೇಲಿನಿಂದ ಓರೆಯಾಗಿ ಬಿದ್ದ ಅಲೆಯನ್ನು ಕೆಳಗಿರುವ ಎಲ್‌ಎನ್‌ಬಿಯತ್ತ ಹೊರಳಿಸುವಂತೆ ಅದರ ಆಕಾರವಿದೆ. ಆದ್ದರಿಂದ ಅದರ ಮುಖ ಕಾಣುವುದು ಒಂದು ಕಡೆ, ಅದು ನಿಜವಾಗಿ ನೋಡುವುದು ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ. ಬೆಂಗಳೂರಿನಲ್ಲಿ ಜಿಸ್ಯಾಟ್-15 ಇರುವುದು ನೆಲದ ಮಟ್ಟದಿಂದ 66 ಡಿಗ್ರಿ ಎತ್ತರದಲ್ಲಿ. ಅಂದರೆ ನೆತ್ತಿಗೆ ಬರೀ 24 ಡಿಗ್ರಿ ಕಡಿಮೆ. ಕತ್ತು ಚೆನ್ನಾಗಿ ಎತ್ತಬೇಕು.

ಅಷ್ಟು ಎತ್ತರವನ್ನು ಅಳೆಯುವುದು ಹೇಗೆ? ನಾನು ಓದಿದ ಮದ್ರಸದಲ್ಲಿ ಒಬ್ಬ ಹಿರಿಯ ಉಸ್ತಾದರ ಬಳಿ ಮರದ ಕಾಲುವೃತ್ತದ ಒಂದು ಹಲಗೆ ಇತ್ತು. ಅಂಚಿನಲ್ಲಿ ಗೆರೆಗಳು, ಮೂಲೆಯಿಂದ ಇಳಿಬಿಟ್ಟ ನೂಲು, ನೂಲಿನ ತುದಿಯಲ್ಲಿ ಸೀಸದ ಗುಂಡು. ಅರಬಿಯಲ್ಲಿ ಅದಕ್ಕೆ ರುಬುಲ್ ಮುಜಯ್ಯಬ್ ಎಂದು ಹೆಸರು. ಗಡಿಯಾರ ಮನೆಮನೆಗೆ ಬರುವ ಮುಂಚೆ ಸೂರ್ಯನ ಎತ್ತರವನ್ನು ಅದರಲ್ಲಿ ಅಳೆದು ನಮಾಝಿನ ಹೊತ್ತು ತಿಳಿಯುತ್ತಿದ್ದರು. ನಮಗೆ ಆಗ ಅದು ಪರೀಕ್ಷೆಗೆ ಬಾರದ ಪಾಠ, ಹಾಗಾಗಿ ಕೇಳಿದಷ್ಟೇ ಬೇಗ ಮರೆತೆವು. ಆ ಹಲಗೆ ಅಂದು ನೆನಪಾಯಿತು. ಹುಡುಗಿಯ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತರಿಸಿ, ಅದರ ನಡುಬಿಂದುವಿನ ತೂತಿಗೆ ಹೊಲಿಗೆಯ ನೂಲು ಕಟ್ಟಿ, ತುದಿಗೆ ಒಂದು ನಟ್ಟು ಸಿಕ್ಕಿಸಿದೆವು. ನೇರ ಅಂಚನ್ನು ಕಣ್ಣಿನ ಬಳಿ ಹಿಡಿದು ಅದರ ಗುಂಟ ದೃಷ್ಟಿ ಹಾಯಿಸಬೇಕು. ಅಂಚು ಮಟ್ಟವಾಗಿದ್ದಾಗ ನೂಲು 90ರ ಮೇಲೆ ನಿಲ್ಲುತ್ತದೆ. ಅಂಚನ್ನು ಮೇಲಕ್ಕೆತ್ತುತ್ತ ಹೋಗಿ ನೂಲು 24ಕ್ಕೆ (ಇನ್ನೊಂದು ಸಾಲಿನಲ್ಲಿ ಓದಿದರೆ 156ಕ್ಕೆ) ಬಂದಾಗ ನಿಮ್ಮ ದೃಷ್ಟಿ 66 ಡಿಗ್ರಿ ಎತ್ತರದಲ್ಲಿದೆ. ಸೂರ್ಯನ ಕಡೆ ಮಾತ್ರ ಹೀಗೆ ನೋಡಬಾರದು.

ಹುಡುಗಿ ತಟ್ಟೆಯ ಪಕ್ಕದಲ್ಲಿ ಏಣಿಯ ಮೇಲೆ ನಿಂತು ನೋಡಿದಳು. ಅಂಚಿನ ಗುಂಟ ಹೋದ ದೃಷ್ಟಿ ಸೀದಾ ನಾಲ್ಕನೆಯ ಚಾವಣಿಯ ಅಂಚಿಗೆ, ಸರ್ವೆ ಕಂಬಗಳ ಬುಡಕ್ಕೆ ತಾಗಿತು. ಬಾಯಲ್ಲಿ ಏನೂ ಹೇಳಲಿಲ್ಲ. ಕೆಳಗಿಳಿದು ಬಂದು ನೋಟ್‌ಬುಕ್ಕಿನಲ್ಲಿ ಲಂಬಕೋನ ತ್ರಿಭುಜ ಬರೆದಳು. 66 ಡಿಗ್ರಿಯ ಟ್ಯಾಂಜೆಂಟ್ ಎರಡೂಕಾಲು. ಅಂದರೆ ಅಡ್ಡ ಬರುವ ವಸ್ತು ತಟ್ಟೆಗಿಂತ ಪ್ರತಿ 9 ಅಡಿ ಎತ್ತರವಿದ್ದರೆ ತಟ್ಟೆ ಅದರಿಂದ 4 ಅಡಿ ದೂರ ಇರಬೇಕು. ಆ ದಿಕ್ಕಿನಲ್ಲಿ ತಟ್ಟೆಗೂ ಕಟ್ಟಡಕ್ಕೂ 14 ಅಡಿ. ಅಷ್ಟು ದೂರಕ್ಕೆ 31 ಅಡಿಯವರೆಗೆ ಎತ್ತರ ಇರಬಹುದು. ತಟ್ಟೆ ನೆಲದಿಂದ 9 ಅಡಿ ಮೇಲಿದೆ. ಒಟ್ಟು 40 ಅಡಿ. ನಾಲ್ಕನೆಯ ಚಾವಣಿ ಸರಿಯಾಗಿ ಅಲ್ಲೇ! ಮೂರು ಮಹಡಿ ಏಳುವವರೆಗೆ ಏನೂ ಆಗದೆ ಈಗ ಯಾಕೆ ಚಿತ್ರ ಹೋಯಿತು ಎಂಬುದಕ್ಕೆ ಉತ್ತರ ಆ ಪುಟದಲ್ಲಿತ್ತು. ರಿಪೇರಿಯವನು ತಟ್ಟೆ ತಿರುಗಿಸಿದ ಮೇಲೆ ಎರಡು ದಿನ ಬಂದದ್ದೂ ಅವನ ಕೈಚಳಕದಿಂದಲ್ಲ. ಚಾವಣಿಯ ಮೇಲಿನ ಕಂಬ, ಬಲೆಗಳು ಇನ್ನೂ ಎದ್ದಿರಲಿಲ್ಲ, ಅಷ್ಟೇ.

ಈಗ ತಟ್ಟೆಯನ್ನು ಎಲ್ಲಿಡುವುದು? ಎಲ್ಲರೂ ಹೇಳುವುದು ತಾರಸಿ. ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಹನ್ನೆರಡು ತಟ್ಟೆಗಳು ಸಾಲಾಗಿದ್ದವು. ವಾಚ್‌ಮನ್ ಕೇಳಿದಾಗ ಸಂಘದವರು “ಅಲ್ಲಿ ಬೇಡ, ತಾರಸಿ ಸೋರುತ್ತದೆ” ಎಂದಿದ್ದರಂತೆ. ಹದಿಮೂರನೆಯದರಿಂದಲೇ ಯಾಕೆ ಸೋರುತ್ತದೆ ಎಂದು ಅವರು ಕೇಳಲಿಲ್ಲ. ಅಂಥ ಪ್ರಶ್ನೆ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಆದರೆ ತ್ರಿಭುಜ ಇನ್ನೊಂದು ವಿಷಯವನ್ನೂ ಹೇಳುತ್ತಿತ್ತು. ಉಪಗ್ರಹ ಇಷ್ಟು ನೆತ್ತಿಯ ಹತ್ತಿರ ಇರುವ ನಮ್ಮ ಊರಿನಲ್ಲಿ ತಾರಸಿ ಬೇಕೇ ಬೇಕೆಂದಿಲ್ಲ. ಕಟ್ಟಡಗಳ ನಡುವೆ ಬಾವಿಯ ತಳದಂತಿರುವ ಜಾಗದಿಂದಲೂ ಕಾಣುತ್ತದೆ, ನಾಲ್ಕು ಹೆಜ್ಜೆ ಸರಿಯಾಗಿ ಸರಿದರೆ. ಮುಂಬದಿಯ ಗೇಟಿನ ಮೂಲೆಯಿಂದ ಆ ದಿಕ್ಕಿನ ಗೋಡೆಗೆ 30 ಅಡಿ ಇತ್ತು. ಅಲ್ಲಿ 67 ಅಡಿಯ ಕಟ್ಟಡ ಬಂದರೂ ಅಡ್ಡಿಯಿಲ್ಲ. ಅಲ್ಲಿ ಕಾಗದದ ಹೂವಿನ ಬಳ್ಳಿಯೊಂದಿತ್ತು, ಅದರ ಹಿಂದೆ ಕಾಂಪೌಂಡ್ ಗೋಡೆಗೆ ತಟ್ಟೆ ಕೂರಿಸಿದರೆ ಬೀದಿಗೆ ಕಾಣುವುದೂ ಇಲ್ಲ. ಸಂಘದ ಕಾರ್ಯದರ್ಶಿಯವರು ನಿವೃತ್ತ ಇಂಜಿನಿಯರ್. ನಾನು ಹೋಗಿ ಮಾತಾಡಿದೆ, ಮೊದಲು “ಗೇಟಿನ ಬಳಿ ಚೆನ್ನಾಗಿ ಕಾಣುವುದಿಲ್ಲ ಸಾರ್” ಎಂದರು. ಹುಡುಗಿಯ ನೋಟ್‌ಬುಕ್ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು ಲೆಕ್ಕವನ್ನು ತಾವೇ ಇನ್ನೊಮ್ಮೆ ಮಾಡಿದರು. “ಇದನ್ನು ಯಾರು ಬರೆದದ್ದು?” ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಂಬ ನೆಟ್ಟಗೆ ನಿಲ್ಲಿಸಲು ಹೇಳಿ, ಗುಂಡು ಇಳಿಬಿಟ್ಟು ನೋಡಲಿ” ಎಂದರು. ಅದೇ ಅವರ ಅನುಮತಿ.

ಅವರು ಹೇಳಿದ್ದು ಸರಿಯಾದ ಮಾತು ಕೂಡಾ. ಕಂಬ ವಾಲಿದ್ದರೆ ಮಿಕ್ಕ ಅಳತೆಗಳೆಲ್ಲ ತಪ್ಪುತ್ತವೆ. ಎರಡಡಿ ಅಗಲದ ತಟ್ಟೆಯ ಅಂಚು ಒಂದು ಸೆಂಟಿಮೀಟರ್ ಸರಿದರೆ ಅದರ ನೋಟ ಸುಮಾರು ಎರಡು ಡಿಗ್ರಿ ತಪ್ಪುತ್ತದೆ. ಸಿಗ್ನಲ್ ಹೋಗಲು ಅಷ್ಟು ಸಾಕು. ಬಟ್ಟೆ ಒಣಗಿಸುವ ಹಗ್ಗವನ್ನು ಡಿಶ್‌ನ ಕಂಬಕ್ಕೆ ಕಟ್ಟುವ ಮನೆಗಳು ಎಷ್ಟೋ ಇವೆ. ಒದ್ದೆ ಬೆಡ್‌ಶೀಟ್ ಹರವಿದ ದಿನ ಚಿತ್ರ ಹೋಗುತ್ತದೆ, ಒಣಗಿದ ಮೇಲೆ ಬರುತ್ತದೆ. ಮನೆಯವರು ಕಂಪೆನಿಯನ್ನು ಬಯ್ಯುತ್ತಿರುತ್ತಾರೆ! ತಟ್ಟೆ ತಿರುಗಿಸುವಾಗಲೂ ಕೂದಲೆಳೆಯಷ್ಟು ತಿರುಗಿಸಿ, ಕೈ ತೆಗೆದು, ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಬಾಕ್ಸ್ ಅಲೆಯನ್ನು ಗುರುತಿಸಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸುವವರು ಸರಿಯಾದ ಜಾಗವನ್ನು ಹತ್ತು ಸಲ ದಾಟಿ ಹೋಗುತ್ತಾರೆ.

ಗೇಟಿನ ಮೂಲೆಯಲ್ಲಿ ನಾವು ತಟ್ಟೆ ಕೂರಿಸುತ್ತಿದ್ದಾಗ ಹುಡುಗಿಯ ಅಜ್ಜ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. “ನಮ್ಮೂರ ಸಾಲ್ಯಾಗ ಇಂಥದ್ದೊಂದು ಛತ್ರಿ ಇತ್ರೀ ಸರ. ಇದಲ್ಲ, ಬಾಳ ದೊಡ್ಡದು. ಕೋಳಿ ಬಲಿ ಹಂಗ ತಂತಿ. ಇದರಾಗ ಏನ್ ಹಿಡೀತಾರಪ್ಪಾ ಅಂತ ನಾವು ನಗತಿದ್ವಿ” ಎಂದರು. ನಾನು ಬೆರಗಾದೆ. ಅವರು ಹೇಳುತ್ತಿದ್ದದ್ದು ಸೈಟ್ ಪ್ರಯೋಗದ ಬಗ್ಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿಸಿದ್ದರು. ನಮ್ಮ ರಾಜ್ಯದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಮೂರು ಮೀಟರ್ ಅಗಲದ, ಕೋಳಿಗೂಡಿನ ಬಲೆಯಿಂದಲೇ ಮಾಡಿದ ತಟ್ಟೆಗಳವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಯಚೂರಿನ ಆ ಹಳ್ಳಿಯವರು ನಮ್ಮ ಬೆಂಗಳೂರಿನವರಿಗಿಂತ ಆರು ವರ್ಷ ಮುಂಚೆಯೇ ಆಕಾಶದಿಂದ ಕನ್ನಡ ಪಾಠ ಕೇಳಿದವರು. “ಒಂದು ವರ್ಷ ಆದಮ್ಯಾಲ ಬಂದ್ ಆತ್ರೀ. ಉಪಗ್ರಹ ಹೋತು ಅಂದ್ರು. ನಾವು ಸಂಜೀಕ ಸುಮ್ಮನ ಹೋಗಿ ಕುಂತು ಬರತಿದ್ವಿ” ಎಂದರು ಅಜ್ಜ. ಮೊಮ್ಮಗಳು “ಮುತ್ಯಾ, ನೀನು ಇದನ್ನ ಹೇಳಿಯೇ ಇಲ್ಲವಲ್ಲ!” ಎಂದಳು. “ನೀ ಕೇಳಬೇಕಲ್ಲವಾ” ಎಂದರು.

ಕ್ವಾಲಿಟಿ ಎಪ್ಪತ್ತು ದಾಟಿದಾಗ ಸಂಜೆಯಾಗಿತ್ತು. ಮರುದಿನದಿಂದ ಪಾಠ ತಪ್ಪಲಿಲ್ಲ. ತಪ್ಪಲಿಲ್ಲ ಎಂದರೆ, ಜೋರು ಮಳೆ ಬಂದಾಗ ಒಂದು ಹತ್ತು ಹದಿನೈದು ನಿಮಿಷ ಹೋಗುತ್ತಿತ್ತು. ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಮಳೆಹನಿಗಳು ಅವನ್ನು ಹೀರಿಯೂ ಚದುರಿಸಿಯೂ ಬಿಡುತ್ತವೆ. ದಟ್ಟ ಮೋಡ ಸರಿದ ಮೇಲೆ ತಾನಾಗಿ ಬರುತ್ತದೆ. ಎರಡಡಿಯ ಬದಲು ಮೂರಡಿಯ ತಟ್ಟೆ ಹಾಕಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಆದರೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ತಾರಸಿಗೆ ಹೋಗಿ ತಟ್ಟೆ ಮುಟ್ಟುವುದು ಜೀವಕ್ಕೇ ಅಪಾಯ, ಮಕ್ಕಳನ್ನಂತೂ ಕಳಿಸಲೇಬೇಡಿ. ಮಳೆ ನಿಂತು ಅರ್ಧ ಗಂಟೆಯಾದರೂ ಚಿತ್ರ ಬಾರದಿದ್ದರೆ ಆಗ ಕನೆಕ್ಟರ್ ಬಿಚ್ಚಿ ನೋಡಿ.

ಇನ್ನೊಂದು ಹೊತ್ತಿನಲ್ಲೂ ಚಿತ್ರ ಹೋಗುತ್ತದೆ, ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲದಿದ್ದರೂ. ವರ್ಷದಲ್ಲಿ ಎರಡು ಸಲ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಆಗ ಸೂರ್ಯನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಕೇಳಿಸುವುದಿಲ್ಲ. ಬೆಂಗಳೂರಿನಲ್ಲಿ ಫ್ರೀ ಡಿಶ್‌ಗೆ ಇದು ಮಾರ್ಚ್ 14-15ರ ಆಸುಪಾಸಿನಲ್ಲಿ ಬೆಳಿಗ್ಗೆ ಹನ್ನೊಂದೂಕಾಲರ ಹೊತ್ತಿಗೆ, ಸೆಪ್ಟೆಂಬರ್ 29ರ ಆಸುಪಾಸಿನಲ್ಲಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಕೆಲವು ದಿನಗಳ ಕಾಲ, ದಿನಕ್ಕೆ ಕೆಲವೇ ನಿಮಿಷ. ಅದಕ್ಕಾಗಿ ಯಾರನ್ನೂ ಕರೆಸಿ ಹಣ ಕೊಡಬೇಡಿ.

ಬದಲಿಗೆ ಆ ನಿಮಿಷಗಳನ್ನು ಉಪಯೋಗಿಸಿಕೊಳ್ಳಿ. ಸೂರ್ಯ ಉಪಗ್ರಹದ ಜಾಗದಲ್ಲೇ ಇದ್ದಾನೆ ಎಂದ ಮೇಲೆ ಅವನ ಬಿಸಿಲು ಬರುವ ದಾರಿಯೇ ಅಲೆ ಬರುವ ದಾರಿ. ಆ ಹೊತ್ತಿನಲ್ಲಿ ತಟ್ಟೆಯ ಮೇಲೆ ಪೂರ್ತಿ ಬಿಸಿಲು ಬಿದ್ದಿದ್ದರೆ ದಾರಿ ಸ್ವಚ್ಛವಾಗಿದೆ. ಎಲೆಯದೋ ಟ್ಯಾಂಕಿನದೋ ನೆರಳು ಬಿದ್ದಿದ್ದರೆ ಅಡ್ಡಿ ಅದೇ. ನೆರಳು ನೋಡಿ ಅಸರ್ ಹೊತ್ತು ತಿಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತಿತ್ತು. ಕುಮಾರ ಪಾರ್ಕಿನಂಥ ಮರಗಳ ಬಡಾವಣೆಯಲ್ಲಿ ಇದೇ ಒಳ್ಳೆಯ ಪರೀಕ್ಷೆ. ಬೇಸಿಗೆಯಲ್ಲಿ ಬೋಳಾಗಿದ್ದ ಕೊಂಬೆ ಮಳೆಗಾಲದಲ್ಲಿ ಎಲೆ ತುಂಬಿ, ಒದ್ದೆಯಾಗಿ ಗೋಡೆಯಂತಾಗುತ್ತದೆ. ಹಾಗೆಂದು ಮಚ್ಚು ಹಿಡಿದು ಹತ್ತಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತಟ್ಟೆಯನ್ನು ನಾಲ್ಕಡಿ ಸರಿಸಲು ಯಾರ ಅನುಮತಿಯೂ ಬೇಡ, ಬಾಡಿಗೆ ಮನೆಯಾದರೆ ಮಾಲೀಕರದು ಬಿಟ್ಟು.

ಆ ವರ್ಷ ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ, ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ನಾನು ಕಿಟಕಿಯಿಂದ ನೋಡಿದೆ. ಹುಡುಗಿ ಗೇಟಿನ ಮೂಲೆಯಲ್ಲಿ ನಿಂತಿದ್ದಳು, ಕಾಗದದ ಹೂವಿನ ಬಳ್ಳಿಯ ಒಂದು ಕುಡಿಯನ್ನು ಕೈಯಲ್ಲಿ ಪಕ್ಕಕ್ಕೆ ಹಿಡಿದುಕೊಂಡು. ಎರಡು ತಿಂಗಳಲ್ಲಿ ಬಳ್ಳಿ ಬೆಳೆದು ತಟ್ಟೆಯ ಮೇಲಂಚಿಗೆ ಬಂದಿತ್ತು. ಒಳಗಿನಿಂದ ಅಜ್ಜ “ಹೋತು, ಹೋತು” ಎಂದು ಕೂಗಿದರು. “ಇರಲಿ ಮುತ್ಯಾ, ಸೂರ್ಯ ಬಂದಾನ. ಐದು ನಿಮಿಷ” ಎಂದು ಅವಳು ಅಲ್ಲಿಂದಲೇ ಹೇಳಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಟ್ವೈನ್ ದಾರ ತೆಗೆದು ಬಳ್ಳಿಯನ್ನು ಗೇಟಿನ ಕಂಬಿಗೆ ಕಟ್ಟತೊಡಗಿದಳು.